ತಲ್ಮೀನ್‌ಗೆ ನೀರು ತಂದವರು

ನೀರಿಗಾಗಿ ಸಾಲು ನಿಂತಿದ್ದ ಜನರ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಟ್ಟ ಮನುಷ್ಯನನ್ನು, ಅದೇ ಊರಿಗೆ ನೀರು ತಂದುಕೊಟ್ಟವನೆಂದು ಸಂಪ್ರೀತಾ ಬರೆದಳು.

ಊರಿನ ಹೆಸರು ತಲ್ಮೀನ್. ಮನುಷ್ಯನ ಹೆಸರು ಜೆರಾಲ್ಡ್ ಪೆನ್‌ಹ್ಯಾಲೋ, ಬ್ರಿಟಿಷ್ ಸೈನ್ಯದ ನಿವೃತ್ತ ಮೇಜರ್ ಜನರಲ್. ಬರೆದದ್ದು ಹಾಲೆಂಡಿನ ಆಲ್ಮೆರೆಯಲ್ಲಿ ನಡೆಯಲಿದ್ದ ಕಡಲಾಚೆ ಕನ್ನಡ ಬಳಗದ ರಾಜ್ಯೋತ್ಸವಕ್ಕೆ, ಮುಖ್ಯ ಅತಿಥಿಗಳ ಪರಿಚಯ ಭಾಷಣವಾಗಿ. 'ತಲ್ಮೀನ್‌ನ ಬಾಯಾರಿದ ಜನತೆಗೆ ಜೀವಜಲವನ್ನು ಒದಗಿಸಿದ ಕರುಣಾಳು.' ಒಳ್ಳೆಯ ಕನ್ನಡ. ಯಾವ ಮೇಷ್ಟರೂ ಅದರಲ್ಲಿ ತಪ್ಪು ಹುಡುಕಲಾರರು.

ಬ್ರಿಟಿಷ್ ಜನರಲ್‌ಗೂ ಕನ್ನಡ ರಾಜ್ಯೋತ್ಸವಕ್ಕೂ ಏನು ಸಂಬಂಧ ಎಂದು ಕೇಳಬೇಕಾದವರು ಕೇಳಲಿಲ್ಲ. ಸಂಬಂಧ ಹುಡುಕಲು ಹೊರಟರೆ ಯಾವ ಸಂಬಂಧ ಸಿಗುವುದಿಲ್ಲ? ಜನರಲ್ ಅವರ ತಾಯಿ ಹುಟ್ಟಿದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ತಾಯಿಯ ತಂದೆ ಅಲ್ಲಿ ಕುದುರೆಪಡೆಯ ಅಧಿಕಾರಿ. ಅಷ್ಟು ಸಾಕಾಯಿತು. "ಅವ್ರು ಒಂಥರಾ ನಮ್ ಬೆಂಗಳೂರಿನ ಮೊಮ್ಮಗ ಕಣ್ರೀ" ಎಂದು ಬಳಗದ ಅಧ್ಯಕ್ಷ ತ್ಯಾಗರಾಜ ಸಮಿತಿಯ ಸಭೆಯಲ್ಲಿ ಘೋಷಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಪ್ರೀತಾಳೂ ತಟ್ಟಿದಳು. ನಮ್ಮನ್ನು ಆಳಿದವರ ಮೊಮ್ಮಗ, ಒಂದು ಚಪ್ಪಾಳೆಯಲ್ಲಿ ನಮ್ಮ ಮೊಮ್ಮಗನಾದ.

ನಿಜವಾದ ಸಂಬಂಧ ಬೇರೆ. ತ್ಯಾಗರಾಜ ಹೂಫ್‌ಡಾರ್ಪ್‌ನಲ್ಲಿ ಒಂದು ಕಂಪನಿಯ ಡೈರೆಕ್ಟರ್. ಸೈನ್ಯಗಳ ಸಾಮಾನು ಸಾಗಣೆಗೆ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಜನರಲ್ ಅದರ ಸಲಹೆಗಾರರು. ಅವರು ಫೋನ್ ಎತ್ತಿದರೆ ಕಂಪನಿಗೆ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು. ಸಂಪ್ರೀತಾ ಅಲ್ಲೇ ಇಂಜಿನಿಯರ್. ತಾನು ಬರೆದ ಪ್ರೋಗ್ರಾಂ ಯಾವ ಮರಳುಗಾಡಿಗೆ ಏನನ್ನು ಕಳಿಸುತ್ತದೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಅಲ್ಲಿನ ಕಾಫಿ ಮೆಷಿನ್ ಪಕ್ಕದಲ್ಲಿ ಯಾರೂ ಅಂಥ ಪ್ರಶ್ನೆ ಕೇಳುತ್ತಿರಲಿಲ್ಲ. ಹವಾಮಾನದ ಬಗ್ಗೆ ಕೇಳುತ್ತಿದ್ದರು.

ಪರಿಚಯ ಭಾಷಣ ಬರೆಯುವುದು ಅವಳಿಗೆ ಮನೆತನದಿಂದ ಬಂದ ವಿದ್ಯೆ. ಉಡುಪಿಯಲ್ಲಿ ಅವಳ ದೊಡ್ಡಪ್ಪ, ಊರೆಲ್ಲ ಕಿಟ್ಟಣ್ಣ ಎಂದು ಕರೆಯುತ್ತಿದ್ದವರು, ಸನ್ಮಾನ ಪತ್ರ ಬರೆಯುವುದರಲ್ಲಿ ಹೆಸರಾದವರು. ಒಕ್ಕಲೆಬ್ಬಿಸಿದವರು ಅವರ ಕೈಯಲ್ಲಿ ಕೊಡುಗೈ ದಾನಿಗಳಾಗುತ್ತಿದ್ದರು. ಬಸ್ಸು ಕಂಡಕ್ಟರುಗಳ ಸಂಬಳ ನುಂಗಿದವರು ಕಾಯಕಯೋಗಿಗಳಾಗುತ್ತಿದ್ದರು. ಶಾಲು, ಪೇಟ, ಹಣ್ಣಿನ ತಟ್ಟೆ, ಚೌಕಟ್ಟು ಹಾಕಿದ ಪತ್ರ. ನಮ್ಮ ಜನ ಎಲ್ಲಿಗೆ ಹೋದರೂ ಈ ನಾಲ್ಕನ್ನು ಹೊತ್ತುಕೊಂಡೇ ಹೋಗುತ್ತಾರೆ. ಹಾಲೆಂಡಿಗೂ ತಂದರು. ವಿಮಾನದಲ್ಲಿ ಪೇಟ ಜಜ್ಜಿಹೋಗದಂತೆ ಅದರೊಳಗೆ ಉಪ್ಪಿನಕಾಯಿ ಬಾಟಲಿ ಇಟ್ಟು ತಂದರು.

ಅತಿಥಿಯ ವಿವರ ತಿಳಿದುಕೊಳ್ಳಲು ಒಂದು ಶನಿವಾರ ಸಂಪ್ರೀತಾ ಲೈಡನ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಸಮುದ್ರದ ದಂಡೆಯ ಆ ಊರಿಗೆ ಹೋದಳು. ಜನರಲ್ ಮದುವೆಯಾದದ್ದು ಡಚ್ ಹೆಂಗಸನ್ನು, ಆನೆಲೀಸ್. ನಿವೃತ್ತಿಯ ನಂತರ ಹೆಂಡತಿಯ ಊರಿನಲ್ಲೇ ನೆಲೆಸಿದ್ದರು. ಆ ಮಧ್ಯಾಹ್ನ ಆಕೆ ನಾಯಿಯನ್ನು ಕರೆದುಕೊಂಡು ಮರಳದಿಬ್ಬಗಳ ಕಡೆ ಹೋಗಿದ್ದಳು. ಜನರಲ್ ತಾವೇ ಟೀ ಮಾಡಿ ತಂದರು. ಎತ್ತರದ ಆಳು, ನೆಟ್ಟಗಿನ ಬೆನ್ನು, ಚೊಕ್ಕ ಕತ್ತರಿಸಿದ ಉಗುರು.

ವೃತ್ತಿಯ ಕಥೆಯನ್ನು ಅವರು ರೈಲು ನಿಲ್ದಾಣಗಳ ಹೆಸರು ಹೇಳುವವರಂತೆ ಹೇಳುತ್ತಾ ಹೋದರು. ಸೈನಿಕ ಶಾಲೆ, ಮೊದಲ ತುಕಡಿ, ಜರ್ಮನಿ, ಸೈಪ್ರಸ್, ಮೇಜರ್, ಲೆಫ್ಟಿನೆಂಟ್ ಕರ್ನಲ್. ಸಂಪ್ರೀತಾ ಬರೆದುಕೊಂಡಳು.

"ಮುಂದೆ, ಸರ್?"

"ಮುಂದೆ ತಲ್ಮೀನ್," ಎಂದರು. "ನನ್ನ ಪರಿಚಯ ಮಾಡಿಕೊಟ್ಟವರೆಲ್ಲ ಸೈಪ್ರಸ್‌ನಿಂದ ನೇರ ಪದಕಕ್ಕೆ ಹಾರುತ್ತಾರೆ. ಯಾರೂ ಇದನ್ನು ಬರೆದುಕೊಳ್ಳುವುದಿಲ್ಲ. ನೀವು ಬರೆದುಕೊಳ್ಳಿ."

ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು. ಮರುಭೂಮಿಯ ಅಂಚಿನ ಊರು. ನೀರಿನ ಕೊಳವೆ ಒಡೆದದ್ದು ಅವರದೇ ಸೈನ್ಯದ ವಾಹನಗಳು. ಹಾಗಾಗಿ ಟ್ಯಾಂಕರಿನಲ್ಲಿ ನೀರು ತರಿಸುತ್ತಿದ್ದರು. ಜನ ಡಬ್ಬ, ಬಕೆಟ್ಟು ಹಿಡಿದು ಸಾಲು ನಿಲ್ಲುತ್ತಿದ್ದರು, ಹೆಂಗಸರೇ ಹೆಚ್ಚು. ಆ ದಿನ ಟ್ಯಾಂಕರು ಬರಿದಾಗುತ್ತಿದೆ ಎಂದು ಗೊತ್ತಾದ ಕೂಡಲೇ ಹಿಂದಿದ್ದವರು ಮುಂದಕ್ಕೆ ನುಗ್ಗಿದರು.

"ನಿಲ್ಲಿ ಎಂದು ಧ್ವನಿವರ್ಧಕದಲ್ಲಿ ಕೂಗಿದೆ. ಇಂಗ್ಲಿಷಿನಲ್ಲಿ. ದುಭಾಷಿಯನ್ನು ನಾನೇ ಬೇರೆ ಕಡೆ ಕಳಿಸಿದ್ದೆ. ಅವರು ನಿಲ್ಲಲಿಲ್ಲ. ಹತ್ತಿರ ಬಂದರು. ನಾನು ಏನೋ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳೋಣ ಅಂತ ಬಂದಿರಬೇಕು." ಜನರಲ್ ಟೀ ಕಪ್ಪನ್ನು ತಟ್ಟೆಯ ಮೇಲೆ ಸರಿಯಾಗಿ ಕೂರಿಸಿದರು. "ಆಮೇಲೆ ಎರಡನೇ ಆಜ್ಞೆ ಕೊಟ್ಟೆ. ಅದೂ ಇಂಗ್ಲಿಷಿನಲ್ಲೇ. ಅದು ನನ್ನ ಸೈನಿಕರಿಗೆ ಅರ್ಥವಾಯಿತು."

ಸತ್ತವರ ಬಗ್ಗೆ ವಿಚಾರಣೆಯವರು ಒಂದು ಲೆಕ್ಕ ಹೇಳಿದರಂತೆ, ಊರಿನವರು ಇನ್ನೊಂದು. ನಿಯಮದಂತೆ ಎಚ್ಚರಿಕೆ ಕೊಟ್ಟೇ ಗುಂಡು ಹಾರಿಸಲಾಗಿದೆ ಎಂದು ವಿಚಾರಣೆ ಮುಗಿಯಿತು. ಬಳಿಕ ಬಡ್ತಿ. ಬಳಿಕ ಇನ್ನೊಂದು ಬಡ್ತಿ.

"ಆ ಊರು ದಾಟಿದ ಮೇಲೆಯೇ ನಾನು ಜನರಲ್ ಆದದ್ದು," ಎಂದರು. "ಆನೆಲೀಸ್‌ಗೂ ಹೇಳಿಲ್ಲ. ನೀವು ನಿಮ್ಮ ಭಾಷೆಯಲ್ಲಿ, ಜನರ ಎದುರು ಹೇಳಿ. ನನಗೆ ಉಳಿದದ್ದು ತಿಳಿಯುವುದಿಲ್ಲ, ಹೆಸರು ಕೇಳಿಸುತ್ತದೆ. ನಾನು ಕೂತು ಕೇಳಿಸಿಕೊಳ್ಳುತ್ತೇನೆ. ಅಷ್ಟು ಸಾಕು."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಸಂಪ್ರೀತಾಳಿಗೆ, ಎಂಥ ದೊಡ್ಡ ಮನಸ್ಸು ಅನ್ನಿಸಿತ್ತು. ಮನೆಗೆ ಬಂದು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ತ್ಯಾಗರಾಜನಿಗೆ ಕಳಿಸಿದಳು.

ಸೋಮವಾರ ತ್ಯಾಗರಾಜ ಅವಳನ್ನು ಆಫೀಸಿನ ತನ್ನ ಗಾಜಿನ ಕೋಣೆಗೆ ಕರೆಸಿದ.

"ಇದೇನಮ್ಮಾ ಇದು, ಸನ್ಮಾನಾನೋ ಚಾರ್ಜ್‌ಶೀಟೋ?"

"ಅವರೇ ಹೇಳಿದ್ದು ಸರ್. ಹಾಕ್ಲೇಬೇಕು ಅಂದ್ರು."

"ವಯಸ್ಸಾದೋರು ಏನೋ ಹೇಳ್ತಾರೆ, ನಾವು ತಿದ್ಕೋಬೇಕು. ಅಲ್ಲ ಸಂಪ್ರೀತಾ, ಮಕ್ಕಳ ಡ್ಯಾನ್ಸ್ ಇರುತ್ತೆ, ಬಿಸಿಬೇಳೆಬಾತ್ ಇರುತ್ತೆ, ಮಧ್ಯದಲ್ಲಿ ನೀನು ಹೆಣ ತಂದು ಇಳಿಸ್ತೀಯಾ? ಆ ಪ್ಯಾರಾ ಪೂರ್ತಿ ತೆಗಿ."

"ತೆಗೆದ್ರೆ ಗೊತ್ತಾಗ್ತದೆ ಸರ್ ಅವರಿಗೆ. ಆ ಊರಿನ ಹೆಸರು ಬರ್ತದಾ ಅಂತಾನೇ ಕಾಯ್ತಾ ಇರ್ತಾರೆ."

ತ್ಯಾಗರಾಜ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅವನು ದಡ್ಡನಲ್ಲ. ದಡ್ಡರು ಇಂಥ ಕೋಣೆಗಳಲ್ಲಿ ಕೂರುವುದಿಲ್ಲ.

"ಸರಿ. ಹೆಸರು ಇರ್ಲಿ. ನೀರೂ ಇರ್ಲಿ. ಗುಂಡು ತೆಗಿ."

ಅವಳು ಅವನ ಮೇಜಿನ ಮೇಲಿದ್ದ ತನ್ನ ಹಾಳೆಯನ್ನು ಎತ್ತಿಕೊಂಡಳು.

"ಟ್ಯಾಂಕರ್ ತರ್ಸಿದ್ದು ಅವರೇ ತಾನೇ? ಸುಳ್ಳೇನಲ್ವಲ್ಲ? ನಿಮ್ ಉಡುಪಿ ಕಡೆಯೋರಿಗೆ ಕನ್ನಡ ಚೆನ್ನಾಗಿ ಬರುತ್ತೆ, ಚೆಂದ ಮಾಡಿ ಬರಿ. ಹಾಂ, ಇನ್ನೊಂದು. ನಿನ್ನ ಪರ್ಮಿಟ್ ರಿನ್ಯೂವಲ್ ಬಂದಿದೆಯಲ್ಲ, ಮುಂದುವರಿಸೋದಾ ಅಂತ ಎಚ್‌ಆರ್‌ನವ್ರು ಕೇಳ್ತಿದ್ರು. ನಾನು ಹೂಂ ಅಂತೀನಿ. ನೀನೂ ಹೂಂ ಅನ್ನು."

ಅವಳು ಹೂಂ ಅಂದಳು. ಕಂಪನಿ ಕೈಬಿಟ್ಟರೆ ಅವಳು ಈ ದೇಶದಲ್ಲಿರಲು ಆಗುವುದಿಲ್ಲ. ಅವಳ ಪರ್ಮಿಟ್ಟಿಗೆ ಗಂಡ ಶ್ರೀಜಿತ್‌ನದೂ ಮಗ ಅವಿನ್‌ನದೂ ಗಂಟು ಬಿದ್ದಿತ್ತು. ಕೂತು ಬರೆದಳು. 'ಬಾಯಾರಿದ ಜನತೆಗೆ ಜೀವಜಲ' ಎಂಬ ಮಾತು ಹುಡುಕದೇ ಬಂತು. ಒಂದು ಪದಕ್ಕಾದರೂ ತಡವರಿಸಿದ್ದರೆ ಚೆನ್ನಾಗಿತ್ತು. ತಡವರಿಸಲಿಲ್ಲ. ದೊಡ್ಡಪ್ಪ ಕಿಟ್ಟಣ್ಣ ಬೆನ್ನು ತಟ್ಟುವಂಥ ಸಾಲು.

ಆಲ್ಮೆರೆಯ ಮನೆಯಲ್ಲಿ ಶ್ರೀಜಿತ್ ನೀರುದೋಸೆಗೆ ಅಕ್ಕಿ ರುಬ್ಬುತ್ತಿದ್ದ.

"ಎಂಥ ಮಾರಾಯ್ತಿ, ಮೋರೆ ಹಾಗೆ ಮಾಡಿದ್ದೀ?"

ಹೇಳಿದಳು. ಅವನು ಮಿಕ್ಸಿ ನಿಲ್ಲಿಸಿ ಪೂರ್ತಿ ಕೇಳಿದ. ಹಿಟ್ಟಿಗೆ ನಲ್ಲಿಯಿಂದ ನೀರು ಬಿಟ್ಟ. ಸೌಟಿನಲ್ಲಿ ಎತ್ತಿ ನೋಡಿದ. ಇನ್ನಷ್ಟು ಬಿಟ್ಟ.

"ಒಂದು ಸಾಲು ಅಲ್ವಾ? ಓದಿ ಮುಗಿಸು. ಅಲ್ಲಿ ಕೂತವರಲ್ಲಿ ತಲ್ಮೀನ್‌ನವರು ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ?"

"ಅದಕ್ಕೇ ಹೇಳುವುದು. ಯಾರೂ ಇಲ್ಲ ಅಂತಲೇ ಅಲ್ವಾ ನಾನು ಬರೆದದ್ದು? ಒಬ್ಬಳು ಇದ್ದಿದ್ದರೆ ಬರೀತಿದ್ನಾ?"

ಶ್ರೀಜಿತ್ ಕಾವಲಿಯನ್ನು ಒಲೆಯ ಮೇಲಿಟ್ಟ. "ನೀನು ಸುಮ್ಮನೆ ತಲೆ ಕೆಡಿಸ್ಕೊಳ್ತೀ" ಎಂದ, ಆದರೆ ಮೆಲ್ಲಗೆ. ಪಕ್ಕದ ಕೋಣೆಯಿಂದ ಅವಿನ್ ಡಚ್ ಭಾಷೆಯಲ್ಲಿ ದೋಸೆ ಆಯಿತೇ ಎಂದು ಕೂಗಿದ.

ಅಂದಿನಿಂದ ಅವಳಿಗೆ ನಲ್ಲಿ ತಿರುಗಿಸುವುದೇ ಕಷ್ಟವಾಯಿತು. ಸಮುದ್ರವನ್ನೇ ಆಚೆಗೆ ದಬ್ಬಿ ಕಟ್ಟಿದ ಊರು ಆಲ್ಮೆರೆ; ಎಲ್ಲಿ ನೋಡಿದರೂ ನೀರು. ಲೋಟ ತುಂಬುವಾಗ ಡಬ್ಬ ಹಿಡಿದ ಕೈಗಳು ಕಾಣುತ್ತಿದ್ದವು. ಮುಖ ಕಾಣುತ್ತಿರಲಿಲ್ಲ. ಮುಖ ಹೇಗೆ ಕಾಣಬೇಕು? ಭಾಷಣದಲ್ಲಿ ಅವರಿಗಿದ್ದದ್ದು ಒಂದೇ ಒಂದು ಸಾಲು, ಅದನ್ನೂ ಅವಳು ಅವರನ್ನು ಕೊಂದವನಿಗೇ ಕೊಟ್ಟುಬಿಟ್ಟಿದ್ದಳು. ರೈಲಿನಲ್ಲಿ ಕೂತಾಗ, ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗ, ಆ ಸಾಲು ಹಾಡಿನ ಪಲ್ಲವಿಯ ಹಾಗೆ ನಾಲಿಗೆಗೆ ಬರುತ್ತಿತ್ತು. ತಾನು ಬರೆದದ್ದರಲ್ಲಿ ಅದಕ್ಕಿಂತ ಚೆಂದದ ಸಾಲು ಇಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

ರಾಜ್ಯೋತ್ಸವದ ಭಾನುವಾರ ಮಧ್ಯಾಹ್ನ. ಬಡಾವಣೆಯ ಸಮುದಾಯ ಭವನದಲ್ಲಿ ಕೆಂಪು ಹಳದಿ ಬಾವುಟ, ಭುವನೇಶ್ವರಿಯ ಪಟ, ಬಾಗಿಲ ಬಳಿ ಬೂಟುಗಳ ರಾಶಿ. ತ್ಯಾಗರಾಜನ ಹೆಂಡತಿ ಪ್ರಭಾ ವೇದಿಕೆಯ ಹಿಂದೆ ಪೇಟಕ್ಕೆ ಸೇಫ್ಟಿ ಪಿನ್ ಹಾಕುತ್ತಾ ಗೊಣಗುತ್ತಿದ್ದಳು. "ಜನರಲ್ ತಲೆ ಏನಪ್ಪ ಇಷ್ಟು ದೊಡ್ಡದು. ಬೆಂಗಳೂರಲ್ಲಿ ತಗೋವಾಗ ನಮ್ಮನೆಯವ್ರ ತಲೆಗೆ ಹಾಕಿ ನೋಡಿದ್ದೆ. ಇವ್ರ ತಲೇಲಿ ಏನೂ ಇಲ್ಲ, ಅದಕ್ಕೇ ಸಣ್ಣದಾಯ್ತು ಅನ್ಸುತ್ತೆ."

ಜನರಲ್ ಪದಕಗಳನ್ನು ಹಾಕಿಕೊಂಡೇ ಬಂದರು. ತ್ಯಾಗರಾಜ ಹಾಗೆ ಕೇಳಿಕೊಂಡಿದ್ದ. ಆನೆಲೀಸ್ ಹೆಗಲ ಮೇಲೆ ಪ್ರಭಾ ಕೊಟ್ಟ ರೇಷ್ಮೆ ಶಾಲು. ಆಕೆ ಮುಂದಿನ ಸಾಲಿನಲ್ಲಿ ಕೂತು, ಪಕ್ಕದ ಮಗುವಿನ ಕೈಯ ಬಳೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ವೇದಿಕೆಯ ಮೆಟ್ಟಿಲ ಬಳಿ ಜನರಲ್ ಸಂಪ್ರೀತಾಳ ಹತ್ತಿರ ಬಗ್ಗಿ ಕೇಳಿದರು, "ಅದು ಇದೆಯೇ?"

"ಹೆಸರಿದೆ," ಎಂದಳು.

ಅವರು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು. ಒಣಗಿದ, ಬೆಚ್ಚನೆಯ ಕೈಗಳು. ಸುಳ್ಳು ಹೇಳದೆಯೂ ಸುಳ್ಳು ಹೇಳುವುದನ್ನು ತಾನು ಎಷ್ಟು ಬೇಗ ಕಲಿತೆ ಎಂದುಕೊಂಡಳು.

ನಾಡಗೀತೆ ಆಯಿತು, ದೀಪ ಬೆಳಗಿದ್ದಾಯಿತು, ಮಕ್ಕಳ ಕೋಲಾಟ ಆಯಿತು. ಸಂಪ್ರೀತಾ ಮೈಕಿನ ಮುಂದೆ ಬಂದು ಓದಲು ಶುರು ಮಾಡಿದಳು. ಬೆಂಗಳೂರಿನ ದಂಡಿನ ಮಾತು ಬಂದಾಗ ಚಪ್ಪಾಳೆ. ಜರ್ಮನಿ, ಸೈಪ್ರಸ್. ಜನರಲ್ ತಲೆ ತಗ್ಗಿಸಿ, ಮಂಡಿಯ ಮೇಲೆ ಕೈಯಿಟ್ಟು, ಶಿಕ್ಷೆಗೆ ಕಾದವರ ಹಾಗೆ ಕೂತಿದ್ದರು.

"ತಲ್ಮೀನ್‌ನ ಬಾಯಾರಿದ ಜನತೆಗೆ ಜೀವಜಲವನ್ನು ಒದಗಿಸಿದ ಕರುಣಾಳು..."

ಚಪ್ಪಾಳೆ ಭೋರ್ಗರೆಯಿತು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಕನ್ನಡಿಗರು ನೀರು ಕೊಟ್ಟವರನ್ನು ಮರೆಯುವುದುಂಟೇ?

ಜನರಲ್ ತಲೆ ಎತ್ತಿದರು. ಹೆಸರು ಕೇಳಿಸಿತ್ತು, ಹೆಸರಿನ ಹಿಂದೆಯೇ ಚಪ್ಪಾಳೆ ಕೇಳಿಸಿತ್ತು. ಅವರ ಮುಖದ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ಮೆಲ್ಲಗೆ ಎದ್ದು ನಿಂತು, ಎರಡೂ ಕೈ ಜೋಡಿಸಿ, ಸಭೆಗೆ ತಲೆಬಾಗಿದರು. ಕಣ್ಣಲ್ಲಿ ನೀರು.

"ಎಷ್ಟು ವಿನಯ ನೋಡ್ರೀ!" ಎಂದರು ಮುಂದಿನ ಸಾಲಿನ ಒಬ್ಬ ಹಿರಿಯರು. ಮತ್ತೆ ಚಪ್ಪಾಳೆ.

ಸಂಪ್ರೀತಾ ಅವರ ಮುಖವನ್ನೇ ನೋಡಿದಳು. ತಾನು ಅಪರಾಧ ಒಪ್ಪಿಕೊಂಡೆ, ಒಂದು ಸಭೆ ತನ್ನನ್ನು ಮನ್ನಿಸಿತು ಎಂದು ಆ ಮನುಷ್ಯ ತಿಳಿದುಕೊಂಡಿದ್ದರು. ಇಂದು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಾರೆ. ಹಾಗೆ ಮಲಗಿಸಲು ತಾನು ಯಾರು? ಈ ಕೋಲಾಟದವರು, ಈ ಬಿಸಿಬೇಳೆಬಾತಿನವರು ಯಾರು? ಅದರ ಜೊತೆಗೇ ಇನ್ನೊಂದೂ ಹೊಳೆಯಿತು, ಬಸ್ಸಿನಲ್ಲಿ ವಾಪಸ್ಸು ಬರುವಾಗ ಹೊಳೆಯದಿದ್ದದ್ದು. ಹೆಂಡತಿಗೆ ಅರ್ಥವಾಗದ, ತನಗೂ ಅರ್ಥವಾಗದ ಭಾಷೆಯನ್ನು ಅವರು ಹುಡುಕಿಕೊಂಡು ಬಂದಿದ್ದರು. ಅವಳ ಭಾಷೆಯನ್ನು. ಕೈ ತೊಳೆಯಲು.

ಪ್ರಭಾ ಶಾಲು, ಪೇಟ ಇಟ್ಟ ತಟ್ಟೆ ಹಿಡಿದು ವೇದಿಕೆ ಹತ್ತಿದಳು. ತ್ಯಾಗರಾಜ ಪಕ್ಕದಿಂದ ಪಿಸುಗುಟ್ಟಿದ, "ಕೊನೇ ಪ್ಯಾರಾ ಓದಮ್ಮಾ, ಬೇಗ. ಊಟ ಆರ್ತಾ ಇದೆ."

ಸಂಪ್ರೀತಾ ಹಾಳೆಯನ್ನು ಮಡಿಸಿದಳು.

"ನಾನು ಈಗ ಓದಿದ್ದು ಸುಳ್ಳು," ಎಂದಳು ಮೈಕಿನಲ್ಲಿ. ಅವಳ ಬಾಯಿಂದ ಈಗ ಬಂದದ್ದು ಸನ್ಮಾನದ ಕನ್ನಡವಲ್ಲ, ಮನೆಯ ಕನ್ನಡ. "ಇವರು ತಲ್ಮೀನ್‌ಗೆ ನೀರು ಕೊಟ್ಟು ದೊಡ್ಡವರಾದದ್ದಲ್ಲ. ನೀರಿಗೆ ಅಂತ ಡಬ್ಬ ಹಿಡ್ಕೊಂಡು ನಿಂತವರ ಮೇಲೆ ಗುಂಡು ಹಾಕಿಸಿದ್ದು. ಹೆಂಗಸರೇ ಜಾಸ್ತಿ ಇದ್ದದ್ದು. ಇವರೇ ನನಗೆ ಹೇಳಿದ್ದಾರೆ. ಅದನ್ನು ಹೀಗೆ ತಿರುಗಿಸಿ ಬರೆದದ್ದು ನಾನು. ನೀವು ಚಪ್ಪಾಳೆ ಹೊಡೆದದ್ದು ಅದಕ್ಕೆ."

ಊಟದ ಮೇಜಿನ ಬಳಿ ಯಾರದೋ ಕೈಯಿಂದ ಚಮಚ ಬಿತ್ತು. "ಏನಂತೆ? ಏನಂತೆ?" ಎಂದು ಹಿಂದಿನವರು ಮುಂದಿನವರನ್ನು ಕೇಳಿದರು.

"ಮೈಕ್ ಆಫ್ ಮಾಡ್ರೀ!" ತ್ಯಾಗರಾಜ ಅರಚಿದ. ಮತ್ತೆ ದನಿ ಇಳಿಸಿ, ಹಲ್ಲು ಕಚ್ಚಿ, "ಕೆಳಗಿಳಿ. ನಾಳೆಯಿಂದ ಆಫೀಸಿಗೂ ಬರ್ಬೇಡ. ತಿಳೀತಾ?"

ತಿಳಿಯಿತು. ಸಭಾಂಗಣದ ಹಿಂಬದಿಯಲ್ಲಿ, ಊಟದ ಮೇಜಿನ ಪಕ್ಕ, ಶ್ರೀಜಿತ್ ಎಲೆಬಟ್ಟಲುಗಳ ಕಟ್ಟು ಹಿಡಿದು ನಿಂತಿದ್ದ. ಅವಳು ಅವನನ್ನು ನೋಡಿದಳು. ಅವನು ಕಟ್ಟನ್ನು ಮೇಜಿನ ಮೇಲೆ ಇಟ್ಟು, ಅವಿನ್‌ನನ್ನು ತನ್ನ ಕಡೆಗೆ ಎಳೆದುಕೊಂಡ. ಅಷ್ಟೇ. ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ಮೈಕು ಸತ್ತಿತ್ತು. ಸಂಪ್ರೀತಾ ಜನರಲ್ ಕಡೆಗೆ ತಿರುಗಿ, ದನಿ ಎತ್ತರಿಸಿ, ಇಂಗ್ಲಿಷಿನಲ್ಲಿ ಹೇಳಿದಳು. "ಅವರು ನಿಮ್ಮನ್ನು ಮನ್ನಿಸಿದ್ದಲ್ಲ. ತಲ್ಮೀನ್‌ಗೆ ನೀವು ನೀರು ಕೊಟ್ಟಿರಿ ಎಂದು ನಾನು ಓದಿದೆ. ಅದಕ್ಕೆ ಚಪ್ಪಾಳೆ ತಟ್ಟಿದರು. ಆ ಜನರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಆಜ್ಞೆ ಕೊಟ್ಟು ಕೊಂದಿರಿ. ಈಗ ನಿಮಗೆ ಗೊತ್ತಿಲ್ಲದ ಭಾಷೆಯಲ್ಲಿ ಒಪ್ಪಿಕೊಂಡು ಹೋಗಲು ಬಂದಿರಿ. ನಾನು ನಿಮಗೆ ಸಹಾಯ ಮಾಡಿದೆ. ಈಗ ಎಲ್ಲರಿಗೂ ಅರ್ಥವಾಗುವ ಹಾಗೆ, ಮೊದಲಿನಿಂದ ಹೇಳುತ್ತೇನೆ. ತಲ್ಮೀನ್‌ನಲ್ಲಿ ನೀರಿನ ಕೊಳವೆ ಒಡೆದದ್ದು..."

ಮುಂದಿನ ಸಾಲಿನಲ್ಲಿ ಆನೆಲೀಸ್ ಮಗುವಿನ ಬಳೆ ಬಿಟ್ಟಳು. ಗಂಡನ ಹೆಸರು ಹಿಡಿದು, ಡಚ್ಚಿನಲ್ಲಿ, ಈಕೆ ಏನು ಹೇಳುತ್ತಿದ್ದಾಳೆ ಎಂದು ಕೇಳಿದಳು. ಅರ್ಥವಾಗದೆ ಕೇಳಿದ್ದಲ್ಲ.

ಜನರಲ್ ಮುಖದ ಬಿಚ್ಚಿದ್ದ ಗಂಟುಗಳು ಮತ್ತೆ ಕಟ್ಟಿಕೊಂಡವು. ಕಣ್ಣು ಒಣಗಿತು. ಬೆನ್ನು ನೆಟ್ಟಗಾಯಿತು. ಆ ಶನಿವಾರ ಟೀ ಮಾಡಿಕೊಟ್ಟ ಮುದುಕ ಅಲ್ಲಿ ಇರಲಿಲ್ಲ.

"ಸಾಕು," ಎಂದರು. ಕೂಗಲಿಲ್ಲ, ಕೂಗಬೇಕಾದ ದನಿಯೇ ಅಲ್ಲ ಅದು. ಕೋಲಾಟದ ಮಕ್ಕಳು ಸಹ ನಿಂತಲ್ಲೇ ನಿಂತರು. "ಅಲ್ಲೇ ನಿಲ್ಲಿಸಿ. ಕೆಳಗಿಳಿಯಿರಿ."

ಈ ಸಲ ಕೇಳಿಸಿಕೊಂಡವಳಿಗೆ ಇಂಗ್ಲಿಷ್ ಬರುತ್ತಿತ್ತು.

"ಇಳಿಯುವುದಿಲ್ಲ," ಎಂದಳು ಸಂಪ್ರೀತಾ, ಮೊದಲು ಕನ್ನಡದಲ್ಲಿ, ಆಮೇಲೆ ಅವರ ಭಾಷೆಯಲ್ಲಿ.